ದಡ ಹತ್ತಿದ ಚಪಲ್

ಮಂಡ್ಯ ಜಿಲ್ಲೆಯ ನಮ್ಮ ಚಿನಕುರಳಿಯವರಿಗೆ ನೀರೆಂದರೆ ತೊಣ್ಣೂರು ಕೆರೆ, ಅದು ಬಿಟ್ಟರೆ ನಾಲೆ. ಯುದ್ಧವೆಂದರೆ ಮಾತ್ರ ನಮ್ಮೂರಿನ ಹೆಸರೂ ಚರಿತ್ರೆಯಲ್ಲಿದೆ. 1771ರ ಮಾರ್ಚ್‌ನಲ್ಲಿ ಮೇಲುಕೋಟೆಯಿಂದ ಶ್ರೀರಂಗಪಟ್ಟಣದತ್ತ ಹಿಂದೆ ಸರಿಯುತ್ತಿದ್ದ ಹೈದರಾಲಿಯ ದಂಡನ್ನು ತ್ರ್ಯಂಬಕರಾಯನ ಮರಾಠರು ಚೆಲ್ಲಾಪಿಲ್ಲಿ ಮಾಡಿದ್ದು ಇಲ್ಲೇ. ಅದರ ನೆನಪಿಗೆಂದು ನೆಟ್ಟ ಒಂದು ಕಲ್ಲನ್ನೂ ನಾನು ಹೊಲದ ಬದುಗಳಲ್ಲಿ ಕಂಡವನಲ್ಲ. ಹಾಗಾಗಿಯೋ ಏನೋ, ಕಾರವಾರದಲ್ಲಿ ಇಡೀ ಹಡಗನ್ನೇ ನೆನಪಿಗೆ ನಿಲ್ಲಿಸಿದ್ದನ್ನು ಕಂಡಾಗ ಹೊಟ್ಟೆಕಿಚ್ಚಾಯಿತು.

ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಹೆದ್ದಾರಿಗೆ ಅಂಟಿದಂತೆ ನಿಂತಿದೆ ಐಎನ್‌ಎಸ್ ಚಪಲ್. ನಮ್ಮ ಕಡೆ ಚಪಲವೆಂದರೆ ನಾಲಿಗೆಯದು. ಇದು ಸಂಸ್ಕೃತದ ಚಪಲ, ಚುರುಕಿನದು. ಉದ್ದ 39 ಮೀಟರಿಗೆ ತುಸು ಕಡಿಮೆ. ಹಡಗೆಂದರೆ ಬೆಟ್ಟದಷ್ಟು ಎಂದುಕೊಂಡು ಹೋದವರಿಗೆ ನಿರಾಸೆಯಾದೀತು. ಇದು ಕ್ಷಿಪಣಿ ದೋಣಿ. ‘ಓಸಾ’ ಎಂಬ ಸೋವಿಯತ್ ಜಾತಿಯದು. ಓಸಾ ಎಂದರೆ ರಷ್ಯನ್ನಿನಲ್ಲಿ ಕಡಜ. ಹೆಸರು ಒಪ್ಪುತ್ತದೆ: ಮೈ ಚಿಕ್ಕದು, ಕೊಂಡಿ ದೊಡ್ಡದು. ಎರಡೂ ಮಗ್ಗುಲಲ್ಲಿ ಎರಡೆರಡು ಕ್ಷಿಪಣಿ ಗೂಡುಗಳು. ಒಳಗೆ ಇಳಿದರೆ ಮೂವತ್ತು ಚಿಲ್ಲರೆ ಜನ ಈ ಇಕ್ಕಟ್ಟಿನಲ್ಲಿ ಉಂಡು, ಮಲಗಿ, ಕಾದಾಡಲು ಸಜ್ಜಾಗಿರುತ್ತಿದ್ದರೆಂದು ನಂಬುವುದೇ ಕಷ್ಟ.

‘ಇದೇ ನೋಡಿ ಸರ್, ಕರಾಚಿ ಸುಟ್ಟ ಹಡಗು’ ಎಂದ ಆಟೋದವರ ಮಾತು ಕಿವಿಯಲ್ಲಿತ್ತು. ಪತ್ರಿಕೆಗಳಲ್ಲೂ ಹಾಗೇ ಓದಿದ್ದೆ. ರಾತ್ರಿ ಲಾಡ್ಜಿನಲ್ಲಿ ಮೊಬೈಲ್ ಹಿಡಿದು ಕುಳಿತವನಿಗೆ ಸಿಕ್ಕ ಒಂದು ತಾರೀಕು ನಿದ್ದೆ ಕೆಡಿಸಿತು. ಚಪಲ್ ನೌಕಾಪಡೆಗೆ ಸೇರಿದ್ದು 1976ರ ನವೆಂಬರ್ 4ರಂದು. ಕರಾಚಿ ದಾಳಿ ನಡೆದದ್ದು 1971ರ ಡಿಸೆಂಬರ್‌ನಲ್ಲಿ!

ಹಾಗಾದರೆ ಹೊಡೆದವರು ಯಾರು? ಇದರ ಅಕ್ಕಂದಿರು. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು ಬಬ್ರು ಭಾನ್ ಯಾದವ್ ಅವರ ಮುಂದಾಳ್ತನದಲ್ಲಿ, ಕಿಲ್ತಾನ್, ಕಟ್ಚಲ್ ಎಂಬ ಎರಡು ದೊಡ್ಡ ನೌಕೆಗಳ ಬೆಂಗಾವಲಿನಲ್ಲಿ ಕರಾಚಿಯತ್ತ ನುಗ್ಗಿದವು. ಇವು ಸ್ವಂತ ದಡ ಕಾಯಲೆಂದು ಮಾಡಿದ ದೋಣಿಗಳು. ಟ್ಯಾಂಕಿನ ಎಣ್ಣೆ ಅಷ್ಟು ದೂರಕ್ಕೆ ಸಾಲದು. ಅದಕ್ಕೆ ಹಗ್ಗ ಕಟ್ಟಿ ಎಳೆದೊಯ್ಯುವ ಅಭ್ಯಾಸವನ್ನೂ ನೌಕಾಪಡೆ ಮಾಡಿತ್ತು. ಕೆಟ್ಟ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದ ಮಂಡ್ಯದವನಿಗೆ ಈ ಉಪಾಯ ಅರ್ಥವಾಗಲು ಪಾಠ ಬೇಕಿಲ್ಲ. ಆ ರಾತ್ರಿ ಪಾಕಿಸ್ತಾನದ ಖೈಬರ್, ಮುಹಾಫಿಜ್ ಮುಳುಗಿದವು. ನೌಕಾಪಡೆ ದಿನ ಡಿಸೆಂಬರ್ 4ರಂದು ಬರುವುದು ಇದರಿಂದಲೇ. ಐದು ದಿನಕ್ಕೆ, 9ರ ರಾತ್ರಿ, ನಮ್ಮ ಖುಕ್ರಿ ನೌಕೆಯೂ ಮುಳುಗಿತು. ಅದರ ಕ್ಯಾಪ್ಟನ್ ಮುಲ್ಲಾ ಸೇರಿ 194 ಜನ ಹೋದರು. ಅವರ ಸ್ಮಾರಕ ದೀವ್‌ನಲ್ಲಿದೆ.

ಚಪಲ್‌ಗೆ ಇಲ್ಲದ ಯುದ್ಧವನ್ನು ಹೊರಿಸುವ ಅಗತ್ಯವೇನೂ ಇರಲಿಲ್ಲ. ಇಪ್ಪತ್ತೆಂಟು ವರ್ಷಕ್ಕೂ ಮಿಗಿಲಾಗಿ ಕಡಲು ಕಾದು 2005ರಲ್ಲಿ ನಿವೃತ್ತಿಯಾಗಿ, 2006ರಲ್ಲಿ ದಡ ಹತ್ತಿದ ದೋಣಿ ಅದು. ಮಾಡದ ಸಾಹಸ ಅಂಟಿಸಿದರೆ ನಿಜವಾಗಿ ಹೋದ ನಿಪಾತ್, ನಿರ್ಘಾತ್‌ಗಳ ಹೆಸರು ಮರೆತುಹೋಗುತ್ತದೆ, ನನಗೆ ಬೇಜಾರಾದದ್ದು ಅದಕ್ಕೆ.

ಮರುದಿನ ಮತ್ತೆ ಹೋದೆ. ಈ ಸಲ ತಾರೀಕು ಗೊತ್ತಿದ್ದರಿಂದ ದೋಣಿ ಇನ್ನೂ ಹತ್ತಿರವೆನಿಸಿತು. ಈಗ ಪಕ್ಕದಲ್ಲೇ ಟುಪೊಲೆವ್ 142 ವಿಮಾನವೂ ಇದೆ, ಪರಮವೀರ ಚಕ್ರ ಪಡೆದ ಈ ಜಿಲ್ಲೆಯ ಮಗ ರಾಮ ರಾಘೋಬ ರಾಣೆಯವರ ಪುತ್ಥಳಿಯೂ ಇದೆ. ಹೋದರೆ ಅರ್ಧ ದಿನ ಇಟ್ಟುಕೊಳ್ಳಿ. ಚಪಲ್ ಒಳಗೆ ತಲೆ ತಗ್ಗಿಸಿ ನಡೆಯಿರಿ, ಬಾಗಿಲುಗಳು ಗಿಡ್ಡ.