ಕೋಟಿ ವರ್ಷ ಎಣಿಸಬೇಕಾದ ತಾಮ್ರ

ಮೂರು ಮೀಟರ್ ತಾಮ್ರದ ತಂತಿ ಮನೆಯ ಸಂಗೀತವನ್ನು ಎಷ್ಟು ಬದಲಿಸಬಲ್ಲದು? ನಾಲ್ಕು ದಶಕಗಳಿಂದ ಸ್ಟೀರಿಯೊ ಪ್ರಿಯರು ಈ ಪ್ರಶ್ನೆ ಹಿಡಿದು ಗುದ್ದಾಡುತ್ತಲೇ ಇದ್ದಾರೆ. ಅನೇಕ ಒಳ್ಳೆಯ ಸ್ಪೀಕರ್‌ಗಳ ಬೆನ್ನಿನಲ್ಲಿ ಎರಡರ ಬದಲು ನಾಲ್ಕು ಟರ್ಮಿನಲ್‌ಗಳಿರುತ್ತವೆ. ಒಂದು ಜೋಡಿ ಮಂದ್ರ ಸ್ವರಗಳನ್ನು ನುಡಿಸುವ ವೂಫರಿಗೆ, ಇನ್ನೊಂದು ಜೋಡಿ ತಾರ ಸ್ವರಗಳ ಟ್ವೀಟರಿಗೆ. ಈ ಜೋಡಿಗಳನ್ನು ಬೆಸೆದಿರುವ ಪುಟ್ಟ ಲೋಹದ ಪಟ್ಟಿಯನ್ನು ಕಿತ್ತು, ಒಂದೇ ಆಂಪ್ಲಿಫೈಯರ್‌ನಿಂದ ಎರಡು ಕೇಬಲ್ ಎಳೆದರೆ ಅದೇ ಬೈ-ವೈರಿಂಗ್. ಮೃದಂಗದ ತೊಪ್ಪಿ ಗಟ್ಟಿಯಾಯಿತು, ತಾಳದ ನಾದ ತಿಳಿಯಾಯಿತು ಎನ್ನುವವರು ಒಂದು ಕಡೆ. ಏನೂ ಆಗಲಿಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರನ್ನೂ ಬದಿಗಿಟ್ಟು ಬರೀ ಅಂಕಿಗಳ ಬೆನ್ನು ಹತ್ತಿ ಹೊರಟರೆ ಸಿಗುವ ಸಂಗತಿಗಳು ಬೆರಗು ಹುಟ್ಟಿಸುತ್ತವೆ!

ಲೆಕ್ಕಕ್ಕೆ ಸಾಧಾರಣ ತಂತಿಯೇ ಸಾಕು. ಮನೆಯ ಪವರ್ ಪ್ಲಗ್ಗಿಗೆ ಎಲೆಕ್ಟ್ರಿಷಿಯನ್ ಎಳೆಯುವ ‘2.5 ಸ್ಕ್ವೇರ್ ಎಂಎಂ’ ವೈರಿನಷ್ಟೇ ದಪ್ಪದ್ದು. ಹೋಗುವ 3 ಮೀಟರ್, ಬರುವ 3 ಮೀಟರ್ ಸೇರಿ ಇದರ ರೋಧ 0.04 ಓಮ್. ಸ್ಪೀಕರಿನದು 8 ಓಮ್. ಅಂದರೆ ಕೇಬಲ್ಲಿನ ಪಾಲು ಇನ್ನೂರರಲ್ಲಿ ಒಂದು! ಎರಡನೇ ಕೇಬಲ್ ಬಂದು ಸೇರಿದರೆ ಈ 0.04 ಹೆಚ್ಚೆಂದರೆ 0.02ಕ್ಕೆ ಇಳಿಯುತ್ತದೆ. ಧ್ವನಿಯ ಭಾಷೆಯಲ್ಲಿ ಹೇಳುವುದಾದರೆ ಲಾಭ 0.02 ಡೆಸಿಬೆಲ್. ಸಾಮಾನ್ಯ ಕೇಳುಗನಿಗೆ ಸದ್ದು ಹೆಚ್ಚಾಯಿತು ಎನಿಸಲು ಸುಮಾರು 1 ಡೆಸಿಬೆಲ್ ಏರಬೇಕು. ಅಷ್ಟಾಗಬೇಕಾದರೆ ಇಂಥ ಐವತ್ತು ಬೈ-ವೈರಿಂಗ್‌ಗಳನ್ನು ಒಂದರ ಮೇಲೊಂದು ಪೇರಿಸಬೇಕು. ಪಳಗಿದ ಕಿವಿ, ನಿಶ್ಶಬ್ದ ಕೋಣೆ, ಬೇಕಾದಷ್ಟು ಸಮಯ ಎಲ್ಲ ಕೊಟ್ಟರೂ 0.2 ಡೆಸಿಬೆಲ್‌ನ ಹತ್ತಿರ ಮನುಷ್ಯ ನಿಂತುಬಿಡುತ್ತಾನೆ. ಅದಕ್ಕೂ ಹತ್ತು ಬೇಕು.

ಈ 0.02 ಡೆಸಿಬೆಲ್ಲನ್ನು ಉದ್ದಕ್ಕೆ ಬದಲಿಸಿ ನೋಡೋಣ. ಸ್ಪೀಕರಿನಿಂದ 3 ಮೀಟರ್ ದೂರದಲ್ಲಿ ಕುಳಿತವರು ಇಷ್ಟೇ ಹೆಚ್ಚಳ ಪಡೆಯಲು ಎಷ್ಟು ಮುಂದೆ ಬಾಗಬೇಕು ಗೊತ್ತೆ? ಏಳೂವರೆ ಮಿಲಿಮೀಟರ್! ಕಿರುಬೆರಳಿನ ಅಗಲಕ್ಕಿಂತ ಕಡಿಮೆ. ಒಳ್ಳೆಯ ಸಂಗತಿ ಬಂದಾಗ ತಲೆದೂಗುವ ರಸಿಕರಿಗೆ ಒಂದೊಂದು ತೂಗಿಗೆ ಹತ್ತಾರು ಬೈ-ವೈರಿಂಗ್‌ಗಳು ಪುಕ್ಕಟೆಯಾಗಿ ಸಿಗುತ್ತವೆ.

ತಂತಿಯಿಂದ ಒಂದು ಹೆಜ್ಜೆ ಒಳಗೆ, ಪೆಟ್ಟಿಗೆಗೇ ಹೋಗೋಣ. ವೂಫರಿನ ಹಿಂದೆ ಅಡಗಿರುವ ವಾಯ್ಸ್ ಕಾಯಿಲ್‌ನಲ್ಲಿ ಕೂದಲಿನ ಎರಡು ಮೂರು ಪಟ್ಟು ದಪ್ಪದ ತಂತಿ ಹತ್ತು ಮೀಟರಿನ ಆಸುಪಾಸು ಸುತ್ತಿಕೊಂಡಿರುತ್ತದೆ. ಹಾಡನ್ನು ಜೋರಾಗಿ ಹಾಕಿ ಆ ಸುರುಳಿ 50 ಡಿಗ್ರಿ ಬಿಸಿಯೇರಿದರೆ ಸಾಕು, 6 ಓಮ್ ಇದ್ದ ರೋಧ 7 ಓಮ್ ದಾಟುತ್ತದೆ. ಎರಡನೇ ಕೇಬಲ್ ಉಳಿಸಿಕೊಟ್ಟಿದ್ದು 0.02 ಓಮ್, ಸುರುಳಿಯ ಬಿಸಿ ತಿಂದುಹಾಕಿದ್ದು ಅದರ ಸುಮಾರು 60 ಪಟ್ಟು! ಪೆಟ್ಟಿಗೆಯ ಹೊರಗೆ ಕೋಣೆ ಕಾದಿರುತ್ತದೆ. ಮಂದ್ರದ ಕೆಲವು ಸ್ವರಗಳು ಕೋಣೆಯ ಮೂಲೆಯಲ್ಲಿ ಮೊಳಗಿ ನಡುವಿನಲ್ಲಿ ಕಾಣೆಯಾಗುತ್ತವೆ. ಎರಡು ಜಾಗಗಳ ನಡುವೆ 20 ಡೆಸಿಬೆಲ್ ಅಂತರ ಬರುವುದು ಅಪರೂಪವೇನಲ್ಲ. ಶಕ್ತಿಯ ಲೆಕ್ಕದಲ್ಲಿ ಅದು ನೂರು ಪಟ್ಟು. ಬೈ-ವೈರಿಂಗ್ ಲೆಕ್ಕದಲ್ಲಿ ಪೂರ್ತಿ ಒಂದು ಸಾವಿರ. ಸೋಫಾವನ್ನು ಒಂದಿಷ್ಟು ಸರಿಸಿದ ಸಂಜೆ ಮನೆಯ ಸ್ಟೀರಿಯೊ ಬೇರೆಯದೇ ಆಗಿ ಕೇಳಿದ ಅನುಭವ ಇದ್ದವರಿಗೆ ಈ ಸಾವಿರದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಬಲದ ಮಾತಾಯಿತು, ವೇಗಕ್ಕೆ ಬರೋಣ. ಒಂದು ಕೇಬಲ್ ಇನ್ನೊಂದಕ್ಕಿಂತ ಉದ್ದವಾದರೆ ಮಂದ್ರ ಮುಂದಾಗಿ ತಾರ ಹಿಂದಾದೀತು ಎಂಬ ಆತಂಕ ಕೆಲವರಿಗಿದೆ. ಕೇಬಲ್ಲಿನಲ್ಲಿ ಸಂಕೇತ ಓಡುವುದು ಸೆಕೆಂಡಿಗೆ ಹೆಚ್ಚುಕಡಿಮೆ 2 ಲಕ್ಷ ಕಿಲೋಮೀಟರ್. ಚಿಟಿಕೆ ಹೊಡೆದು ಇನ್ನೊಂದು ಹೊಡೆಯುವಷ್ಟರಲ್ಲಿ ಭೂಮಿಗೆ ಐದು ಸುತ್ತು! ಒಂದು ಕೇಬಲ್ ಇಡೀ 1 ಮೀಟರ್ ಉದ್ದವಾಗಿದ್ದರೂ ಆಗುವ ತಡ 5 ನ್ಯಾನೊಸೆಕೆಂಡ್, ಅಂದರೆ ಒಂದು ಸೆಕೆಂಡನ್ನು 20 ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದು ಚೂರು. ಗಾಳಿಯಲ್ಲಿ ಸೆಕೆಂಡಿಗೆ 343 ಮೀಟರ್ ಸಾಗುವ ಸದ್ದು ಅಷ್ಟು ಹೊತ್ತಿನಲ್ಲಿ ಒಂದು ತಲೆಗೂದಲಿನ ದಪ್ಪದ ನಲವತ್ತರಲ್ಲಿ ಒಂದು ಭಾಗವನ್ನು ದಾಟಿರುತ್ತದೆ, ಅಷ್ಟೇ. ಎಡಗಿವಿ ಬಲಗಿವಿಗಳ ನಡುವಿನ 10 ಮೈಕ್ರೊಸೆಕೆಂಡಿನ ಅಂತರವನ್ನು ನಮ್ಮ ಮಿದುಳು ಹಿಡಿಯುತ್ತದೆ. ಅದೇ ಒಂದು ಪವಾಡ. ಆ ಪವಾಡಕ್ಕೂ ಈ ತಡ ಎರಡು ಸಾವಿರ ಪಟ್ಟು ಚಿಕ್ಕದು.

ಸಂಕೇತ ಇಷ್ಟು ಚುರುಕಾದರೆ ಅದನ್ನು ಹೊರುವ ಎಲೆಕ್ಟ್ರಾನುಗಳೂ ಹಾಗೆಯೇ ಓಡುತ್ತಿರಬೇಕಲ್ಲ? ಇಲ್ಲಿದೆ ನೋಡಿ, ನನಗೆ ಅತ್ಯಂತ ಪ್ರಿಯವಾದ ಅಂಕಿ. ಈ ತಂತಿಯಲ್ಲಿ 1 ಆಂಪಿಯರ್ ಕರೆಂಟ್ ಹರಿಯುವಾಗ ಎಲೆಕ್ಟ್ರಾನುಗಳ ಸರಾಸರಿ ನಡಿಗೆ ಸೆಕೆಂಡಿಗೆ 0.03 ಮಿಲಿಮೀಟರ್. ಸೆಕೆಂಡಿಗೆ ಒಂದು ಮಿಲಿಮೀಟರ್ ತೆವಳುವ ಬಸವನಹುಳು ಇದಕ್ಕಿಂತ ಮೂವತ್ತು ಪಟ್ಟು ಮುಂದೆ! ಒಂದೇ ದಿಕ್ಕಿನಲ್ಲಿ ಬಿಡದೆ ನಡೆದರೂ ಆಂಪ್ಲಿಫೈಯರಿನಿಂದ ಹೊರಟ ಎಲೆಕ್ಟ್ರಾನು 3 ಮೀಟರ್ ದಾಟಿ ಸ್ಪೀಕರ್ ತಲುಪಲು 28 ಗಂಟೆ ಬೇಕು. ಇಂದು ಸಂಜೆಯ ಕಛೇರಿ ನಾಳೆ ರಾತ್ರಿಗೆ ಮುಟ್ಟಬೇಕಾಗಿತ್ತು. ಆದರೆ ಸಂಗೀತದ ಕರೆಂಟ್ ಒಂದೇ ದಿಕ್ಕಿನಲ್ಲಿ ನಡೆಯುವುದೂ ಇಲ್ಲ. ಸೆಕೆಂಡಿಗೆ ಸಾವಿರ ಕಂಪನದ ಸ್ವರಕ್ಕೆ ಎಲೆಕ್ಟ್ರಾನು ಹಿಂದೆ ಮುಂದೆ ತೂಗುವ ಒಟ್ಟು ದೂರ ಕೂದಲಿನ ದಪ್ಪದ ಐದು ಸಾವಿರದಲ್ಲಿ ಒಂದು ಭಾಗ. ನಿಂತ ಜಾಗದಲ್ಲೇ ತುಸು ಅಲುಗುತ್ತದೆ, ಅಷ್ಟರಲ್ಲಿ ಮನೆ ತುಂಬ ಸಂಗೀತ!

ಆ ಅಲುಗಾಟದ ಇನ್ನೊಂದು ತುದಿಯಲ್ಲಿ ಕಿವಿ ಇದೆ. ಅದರ ಮುಂದೆ ಹಿಂದಿನ ಅಂಕಿಗಳೆಲ್ಲ ಕುಬ್ಜ. ಅತಿ ಮೆಲ್ಲಗಿನ ಸದ್ದಿನಿಂದ ನೋವು ಹತ್ತಿರವಾಗುವ ಸದ್ದಿನವರೆಗೆ ಕಿವಿಯ ಹರವು 120 ಡೆಸಿಬೆಲ್, ಅಂದರೆ ಶಕ್ತಿಯಲ್ಲಿ ಒಂದಕ್ಕೆ ಒಂದು ಲಕ್ಷ ಕೋಟಿ. 1 ಮಿಲಿಗ್ರಾಂ ತೂಗುವ ಸಕ್ಕರೆ ಹರಳಿನಿಂದ ಹಿಡಿದು ನಾಲ್ಕು ನಾಲ್ಕು ಟನ್ನಿನ 250 ಆನೆಗಳವರೆಗೆ ಒಂದೇ ತಕ್ಕಡಿ ತೂಗಿದ ಹಾಗೆ! ಅತಿ ಮೆಲ್ಲಗಿನ ಸದ್ದಿಗೆ ಕಿವಿಯ ತಮಟೆ ಅಲುಗುವ ದೂರ ಒಂದು ಹೈಡ್ರೋಜನ್ ಪರಮಾಣುವಿನ ಅಗಲಕ್ಕಿಂತ ಕಡಿಮೆ. ಕಣ್ಣು ಕಾಣುವ ಬೆಳಕಿನ ಬಣ್ಣಗಳೆಲ್ಲ ಸೇರಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು. ಎಳೆಯ ಕಿವಿ ಕೇಳುವುದು 20ರಿಂದ 20,000 ಕಂಪನಗಳವರೆಗೆ, ಹತ್ತು ಸ್ಥಾಯಿ. ಇಷ್ಟನ್ನೂ ನಿಭಾಯಿಸಲು ಒಂದೊಂದು ಕಿವಿಯಲ್ಲಿರುವುದು ಸುಮಾರು 15,000 ರೋಮಕೋಶಗಳು. ಈ 120 ಡೆಸಿಬೆಲ್ಲನ್ನು ಏಣಿಯೆಂದುಕೊಂಡು 0.02ರ ಮೆಟ್ಟಿಲು ಕಟ್ಟಿದರೆ ಆರು ಸಾವಿರ ಮೆಟ್ಟಿಲು. ಎರಡನೇ ಕೇಬಲ್ ನಮ್ಮನ್ನು ಹತ್ತಿಸುವುದು ಆ ಆರು ಸಾವಿರದಲ್ಲಿ ಒಂದು.

ಇಷ್ಟಾದರೂ ವ್ಯತ್ಯಾಸ ಕೇಳಿಸಿತು ಎನ್ನುವವರ ಪ್ರಾಮಾಣಿಕತೆಯಲ್ಲಿ ನನಗೆ ಅನುಮಾನವಿಲ್ಲ. ಕೇಬಲ್ ಬದಲಿಸಲು ಸಂಗೀತ ನಿಲ್ಲಿಸಿ, ಸ್ಪೀಕರಿನ ಹಿಂದೆ ಬಗ್ಗಿ, ತಿರುಪು ಬಿಗಿದು ಮರಳಿ ಕೂರುವಷ್ಟರಲ್ಲಿ ಐದು ನಿಮಿಷ, ಅಂದರೆ 300 ಸೆಕೆಂಡ್ ಕಳೆದಿರುತ್ತದೆ. ಸದ್ದಿನ ಸೂಕ್ಷ್ಮ ವಿವರಗಳನ್ನು ಮನಸ್ಸು ಹಾಗೇ ಹಿಡಿದಿಡುವುದು ಕೆಲವೇ ಸೆಕೆಂಡು. ಅಮೆರಿಕದ ಡೇವಿಡ್ ಕ್ಲಾರ್ಕ್ ಇದಕ್ಕೆಂದೇ ಕ್ಷಣಮಾತ್ರದಲ್ಲಿ ಬದಲಿಸುವ, ಯಾವುದು ನುಡಿಯುತ್ತಿದೆ ಎಂದು ಕೇಳುಗನಿಗೆ ತಿಳಿಸದ ಎಬಿಎಕ್ಸ್ ಪರೀಕ್ಷೆಯನ್ನು 1982ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದರು. ಅದರಲ್ಲಿ 16ಕ್ಕೆ 16 ಸರಿ ಉತ್ತರ ಊಹೆಯಿಂದಲೇ ಬರುವ ಸಂಭವ 65,536ರಲ್ಲಿ ಒಂದು. ನಿಜವಾಗಿ ಕೇಳಿಸುವವರಿಗೆ ಗೆಲುವು ಇಲ್ಲಿ ಎಷ್ಟು ಸ್ಪಷ್ಟ ನೋಡಿ! 2007ರಲ್ಲಿ ಪವಾಡದ ದಾವೆಗಳನ್ನು ಒರೆಗೆ ಹಚ್ಚುತ್ತಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿ ಈ ಪಂದ್ಯವನ್ನು ಹಣಕ್ಕೇ ಕಟ್ಟಿದರು. 12 ಅಡಿಯ ಒಂದು ಜೋಡಿ ಸ್ಪೀಕರ್ ಕೇಬಲ್ಲಿಗೆ ಆಗ 7,250 ಡಾಲರ್ ಬೆಲೆ. ಅಂದಿನ ದರದಲ್ಲಿ ಸುಮಾರು 2.8 ಲಕ್ಷ ರೂಪಾಯಿ, ಉದ್ದದ ಒಂದೊಂದು ಇಂಚಿಗೆ ಎರಡು ಸಾವಿರದ ಹತ್ತಿರ. ಅದನ್ನು ಸಾಧಾರಣ ಒಳ್ಳೆಯ ಕೇಬಲ್ಲಿನಿಂದ ಕಿವಿಯಲ್ಲೇ ಬೇರ್ಪಡಿಸಿದವರಿಗೆ ಹತ್ತು ಲಕ್ಷ ಡಾಲರ್ ಎಂದರು. ಪರೀಕ್ಷೆ ನಡೆಯಲೇ ಇಲ್ಲ.

ಕೊನೆಗೆ ಉಳಿದದ್ದು ನಾವು ಹೊಸದಾಗಿ ಸೇರಿಸಿದ ತಾಮ್ರವೇ. ಎರಡು ಸ್ಪೀಕರಿಗೆ ಒಂದೊಂದು ಹೆಚ್ಚಿನ ಕೇಬಲ್, ಒಟ್ಟು 12 ಮೀಟರ್ ತಂತಿ, ತೂಕ ಸುಮಾರು 270 ಗ್ರಾಂ. ಒಂದು ಅಂಗೈಯಲ್ಲಿ ಹಿಡಿಯಬಹುದು. ಅದರೊಳಗಿನ ಪರಮಾಣುಗಳು 25ರ ಮುಂದೆ 23 ಸೊನ್ನೆ! ಪ್ರತಿ ಪರಮಾಣುವಿನಿಂದ ಒಂದರಂತೆ ಸಂಗೀತ ಹೊರಲು ಸಿದ್ಧವಾಗಿ ನಿಂತ ಎಲೆಕ್ಟ್ರಾನುಗಳೂ ಅಷ್ಟೇ. ಭೂಮಿಯ ಮೇಲಿನ 800 ಕೋಟಿ ಜನರೂ ಕೆಲಸ ಬಿಟ್ಟು ಕುಳಿತು, ಹಗಲು ರಾತ್ರಿ ಸೆಕೆಂಡಿಗೆ ಒಂದರಂತೆ ಎಣಿಸಿದರೆ ಎಣಿಕೆ ಮುಗಿಯಲು ಒಂದು ಕೋಟಿ ವರ್ಷ ಬೇಕು. ನಮ್ಮ ಮನುಷ್ಯ ಜಾತಿ ಹುಟ್ಟಿಯೇ ಮೂರು ಲಕ್ಷ ವರ್ಷ ಆಗಿದೆ. ಆ ಪರಮಾಣುಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ನಿಲ್ಲಿಸಿದರೆ ಸಾಲಿನ ಉದ್ದ 65,000 ಕೋಟಿ ಕಿಲೋಮೀಟರ್. ಇಲ್ಲಿಂದ ಸೂರ್ಯನವರೆಗಿನ ದೂರದ ನಾಲ್ಕು ಸಾವಿರ ಪಟ್ಟಿಗೂ ಮಿಗಿಲು. 1977ರಲ್ಲಿ ಹೊರಟು ಇಂದಿಗೂ ಓಡುತ್ತಿರುವ ವಾಯೇಜರ್ 1 ನೌಕೆ ಆ ಸಾಲಿನ ಇಪ್ಪತ್ತೈದರಲ್ಲಿ ಒಂದು ಭಾಗವನ್ನು ಮುಟ್ಟಿದೆ. ಬೆಳಕು ಕೂಡ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು 25 ದಿನ ತೆಗೆದುಕೊಳ್ಳುತ್ತದೆ. ಇಷ್ಟೆಲ್ಲವನ್ನೂ ಸ್ಪೀಕರಿನ ಬೆನ್ನಿಗೆ ಸಿಕ್ಕಿಸಿ ತಿರುಪು ಬಿಗಿದ ಮೇಲೆ ಸಂಗೀತ ನಮಗೆ ಹತ್ತಿರವಾಗುವುದು ಏಳೂವರೆ ಮಿಲಿಮೀಟರ್.