ಖಂಭಾತಿನ ಕೆಂಪು ಮಣಿ

ನೆಲಕ್ಕೆ ಓರೆಯಾಗಿ ನಾಟಿದ, ತುದಿ ಚೂಪಾದ ಒಂದು ಕಬ್ಬಿಣದ ಸಲಾಕೆ. ಕೈಯಲ್ಲಿ ಎಮ್ಮೆ ಕೊಂಬಿನ ಪುಟ್ಟ ಸುತ್ತಿಗೆ. ಮಣಿಗಾರ ಕಲ್ಲನ್ನು ಸಲಾಕೆಯ ಮೊನೆಗೆ ಆನಿಸಿ ಹಿಡಿದು ಹಗುರವಾಗಿ ಬಡಿಯುತ್ತಾನೆ. ಪೆಟ್ಟು ಬೀಳುವುದು ಈ ಬದಿಗೆ, ಚಕ್ಕೆ ಏಳುವುದು ಮೊನೆ ತಾಗಿದ ಆ ಬದಿಯಲ್ಲಿ. ಚಕ್ಕೆ ಏಳುತ್ತ ಏಳುತ್ತ ಒರಟು ಕಲ್ಲು ಮಣಿಯ ಆಕಾರಕ್ಕೆ ಬರುತ್ತದೆ.

ಇದು ಗುಜರಾತಿನ ಆಣಂದ್ ಜಿಲ್ಲೆಯ ಖಂಭಾತ್. ಹರಪ್ಪದ ಕಾಲದ ಹಾರಗಳನ್ನು ಹೋಲುವ ಅಕೀಕು (ಅಗೇಟ್) ಕಲ್ಲಿನ ಮಣಿಸರಗಳು ಇಂದಿಗೂ ಇಲ್ಲಿ ಕೈಯಿಂದಲೇ ತಯಾರಾಗುತ್ತವೆ.

ಈ ಕಸುಬಿನ ಬೇರು ಹತ್ತಿರದಲ್ಲೇ ಇದೆ. ಕನ್ನಡಿಗ ಪುರಾತತ್ವಜ್ಞ ಎಸ್.ಆರ್. ರಾವ್ 1950ರ ದಶಕದಲ್ಲಿ ಹರಪ್ಪ ಕಾಲದ ಲೋಥಲ್‌ನಲ್ಲಿ ಉತ್ಖನನ ಆರಂಭಿಸಿದರು. ಅಲ್ಲಿ ಬಂದರು ಪಟ್ಟಣದ ಜೊತೆಗೆ ಮಣಿ ಮಾಡುವ ಕಾರ್ಖಾನೆಯ ಕುರುಹುಗಳೂ ಬೆಳಕಿಗೆ ಬಂದವು. ಸಿಂಧೂ ಕಣಿವೆಯ ಕೆಂಪು ಮಣಿಗಳು ಕಡಲು ದಾಟಿ ಮೆಸೊಪೊಟೇಮಿಯವನ್ನೂ ತಲುಪಿದ್ದವು. ಪುರಾತತ್ವಜ್ಞ ಲಿಯೊನಾರ್ಡ್ ವೂಲಿ ಅಲ್ಲಿ ಅಗೆದ ಉರ್ ನಗರದ ರಾಜಸಮಾಧಿಗಳಲ್ಲಿ ಅವು ಸಿಕ್ಕಿವೆ.

ಕಲ್ಲು ಬರುವುದು ಭರೂಚ್ ಜಿಲ್ಲೆಯ ರತನ್‌ಪುರದ ಗಣಿಗಳಿಂದ. ಅಗೆದಾಗ ಅದರ ಬಣ್ಣ ಮಂಕು. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಮಡಕೆಯಲ್ಲಿಟ್ಟು ಬೆರಣಿಯ ಕಾವಿನಲ್ಲಿ ಮೆಲ್ಲಗೆ ಬೇಯಿಸಿದರೆ ಕಲ್ಲಿನೊಳಗಿನ ಕಬ್ಬಿಣದ ಅಂಶ ಮಾರ್ಪಟ್ಟು ಕೆಂಪು ಮೂಡುತ್ತದೆ. ಅವಸರ ಮಾಡಿದರೆ ಕಲ್ಲು ಸೀಳಿಹೋಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ತೂತು ಕೊರೆಯುವ ಕೆಲಸ. ಇಂದಿನ ಮಣಿಗಾರರು ಬಿಲ್ಲಿನಿಂದ ತಿರುಗಿಸುವ ಬೈರಿಗೆಯ ತುದಿಗೆ ವಜ್ರದ ಹರಳು ಕೂರಿಸುತ್ತಾರೆ. ಹರಪ್ಪದವರ ಬಳಿ ವಜ್ರವಿರಲಿಲ್ಲ, ಒಂದು ಬಗೆಯ ಗಟ್ಟಿ ಕಲ್ಲಿನ ಮೊನೆಯೇ ಅವರ ಬೈರಿಗೆ. ಪುರಾತತ್ವಜ್ಞ ಜೊನಾಥನ್ ಮಾರ್ಕ್ ಕೆನೊಯರ್ ತಮ್ಮ ಸಂಗಡಿಗರೊಂದಿಗೆ ಖಂಭಾತಿನ ಮಣಿಗಾರರ ನಡುವೆ ಅಧ್ಯಯನ ನಡೆಸಿ, ಹಳೆಯ ವಿಧಾನವನ್ನು ಪ್ರಯೋಗದಿಂದಲೂ ಪರೀಕ್ಷಿಸಿದರು. ಆ ಮೊನೆ ಗಂಟೆಗೆ ಕೊರೆಯುವುದು ಸುಮಾರು 2.5 ಮಿಲಿಮೀಟರ್ ಮಾತ್ರ! ಕರಾಚಿ ಬಳಿಯ ಅಲ್ಲಾಹದಿನೋದಲ್ಲಿ ದೊರೆತ 36 ಉದ್ದ ಮಣಿಗಳ ಒಡ್ಯಾಣಕ್ಕೆ 480ಕ್ಕೂ ಹೆಚ್ಚು ದಿನಗಳ ದುಡಿಮೆ ಬೇಕಾಗಿತ್ತು ಎಂಬುದು ಅವರ ಲೆಕ್ಕ.

ಕೊರಳಿಗೆ ಮೆರುಗು ಕೊಡುವ ಈ ಕಲ್ಲಿನ ದೂಳು ಮಣಿ ಮಾಡುವವರ ಎದೆ ಹೊಗುತ್ತದೆ. ಒಣಗಲ್ಲನ್ನು ಸಾಣೆ ಹಿಡಿಯುವಾಗ ಏಳುವ ಸಿಲಿಕಾ ಕಣಗಳಿಂದ ಬರುವ ಸಿಲಿಕೋಸಿಸ್‌ಗೆ ಪೂರ್ಣ ವಾಸಿ ಮಾಡುವ ಮದ್ದಿಲ್ಲ. ನೀರು ಹಾಯಿಸಿ ಸಾಣೆ ಹಿಡಿಯುವುದು, ದೂಳು ಹೀರುವ ಯಂತ್ರ ಅಳವಡಿಸುವುದು ಖಂಭಾತಿಗೆ ತುರ್ತಾಗಿ ಬೇಕಾದದ್ದು.

ಮೇಳಗಳಲ್ಲಿ ಅಕೀಕು ಸರ ಕಂಡರೆ ಒಂದು ಮಣಿಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ದುಂಡನೆಯ ಗಾಳಿಗುಳ್ಳೆ ಕಂಡರೆ ಅದು ಗಾಜು. ನಿಜವಾದ ಕಲ್ಲಾದರೆ ಎಲ್ಲಿ ಮಾಡಿದ್ದು, ಸಾಣೆಗೆ ನೀರು ಬಳಸುತ್ತಾರೆಯೇ ಎಂದು ಮಾರುವವರನ್ನು ಕೇಳಿ. ಕೈಕೆಲಸದ ಸರ ಎಂದು ಖಾತ್ರಿಯಾದರೆ ಬೆಲೆಗೆ ಚೌಕಾಸಿ ಮಾಡಬೇಡಿ.