ಪ್ರವಾಸೋದ್ಯಮವೂ ನಮ್ಮ ಜಿಲ್ಲೆಯ ಸಂಕಟಗಳೂ

ಅರಿಸಿನಕ್ಕೆ ಬೆಲೆ ಬಾರದಿದ್ದರೆ ಗುಂಡ್ಲುಪೇಟೆಯ ರೈತನು ಅದನ್ನು ಮೂಟೆ ಕಟ್ಟಿ ಕೆಲವು ತಿಂಗಳು ಇಟ್ಟುಕೊಳ್ಳಬಲ್ಲನು. ಬಂಡೀಪುರದ ವಸತಿಗೃಹದಲ್ಲಿ ಶನಿವಾರ ರಾತ್ರಿ ಖಾಲಿ ಉಳಿದ ಕೊಠಡಿಯನ್ನು ಭಾನುವಾರ ಮಾರುವುದು ಯಾರಿಗೂ ಸಾಧ್ಯವಿಲ್ಲ. ಪ್ರವಾಸೋದ್ಯಮವು ಕೂಡಿಡಲಾಗದ ಸರಕು ಎಂದು ಅರ್ಥಶಾಸ್ತ್ರಜ್ಞರು ಹೇಳುವುದು ಇದಕ್ಕಾಗಿಯೇ. ಸಮಾಜದಲ್ಲಿ ಸಂಕಟವೊಂದು ತಲೆದೋರಿದೊಡನೆ ಮೊದಲು ಕುಸಿಯುವ ವ್ಯಾಪಾರ ಇದು. ಏಕೆಂದರೆ ಪ್ರವಾಸಿಗೆ ಮನೆಯಲ್ಲಿಯೇ ಉಳಿಯುವ ಸ್ವಾತಂತ್ರ್ಯವುಂಟು. ಕಾಡಂಚಿನಲ್ಲಿ ವಾಸಿಸುವವನಿಗೆ ಅದಿಲ್ಲ.

ನಮ್ಮ ಜಿಲ್ಲೆಗೆ ಈ ಅನುಭವ ಹುಟ್ಟಿನಿಂದಲೇ ಬಂದದ್ದು. 1997ರ ಆಗಸ್ಟ್ 15ರಂದು ಚಾಮರಾಜನಗರವು ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಅದೇ ಅಕ್ಟೋಬರಿನಲ್ಲಿ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿಯವರನ್ನು ವೀರಪ್ಪನ್ ಹದಿನಾಲ್ಕು ದಿನ ಕಾಡಿನಲ್ಲಿರಿಸಿಕೊಂಡನು. 2000ದ ಜುಲೈ 30ರಂದು ಗಡಿಯಾಚೆಯ ದೊಡ್ಡಗಾಜನೂರಿನಿಂದ ಡಾ. ರಾಜಕುಮಾರರನ್ನು ಒಯ್ದು 108 ದಿನ ಸೆರೆಯಿಟ್ಟದ್ದನ್ನು ಬಲ್ಲದ ಕನ್ನಡಿಗರಾರು? 2004ರ ಅಕ್ಟೋಬರ್ 18ರಂದು ಅವನು ಹತನಾದ ಮೇಲೆಯೇ ಈ ಕಾಡುಗಳ ಹೆಸರಿಗಂಟಿದ್ದ ಭಯ ಸಡಿಲವಾದದ್ದು.

ಸಂಕಟವು ನಮ್ಮೂರಿನಲ್ಲಿಯೇ ಇರಬೇಕೆಂದೂ ಇಲ್ಲ. 2020ರಲ್ಲಿ ರಾಜ್ಯದ ಉಳಿದೆಲ್ಲ ಜಿಲ್ಲೆಗಳನ್ನು ಕೋವಿಡ್ ಹೊಕ್ಕಿದ್ದಾಗಲೂ ಚಾಮರಾಜನಗರವು ಜೂನ್ ತಿಂಗಳವರೆಗೆ ಅದರಿಂದ ದೂರವಿತ್ತು. ಆದರೇನು? ಮಾರ್ಚಿನಿಂದಲೇ ದಾರಿಗಳು ಮುಚ್ಚಿದ್ದವು. ರೋಗವು ಬೆಂಗಳೂರಿನಲ್ಲಿದ್ದರೆ ಸಾಕು, ಹಂಗಳದ ಚಹದಂಗಡಿಯ ಒಲೆ ಆರುತ್ತದೆ.

ಇನ್ನು ಇತ್ತೀಚಿನ ಹುಲಿಯ ಪ್ರಕರಣ. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು. 2025ರ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದ ಜನರು ಹುಲಿಗೆಂದು ಇಟ್ಟಿದ್ದ ಬೋನಿನಲ್ಲಿ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಪಟ್ಟಣದವರಿಗೆ ಇದು ನಗೆಯ ಸುದ್ದಿ; ದನ ಕಳೆದುಕೊಂಡವರಿಗೆ ನಗು ಬರುವುದು ಹೇಗೆ? ಮುಂದೆ ಅಕ್ಟೋಬರ್, ನವೆಂಬರಿನಲ್ಲಿ ನೆರೆಯ ಸರಗೂರು ತಾಲ್ಲೂಕಿನಲ್ಲಿ ರೈತರೇ ಹುಲಿಗೆ ಬಲಿಯಾದರು. ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಿ, ಅಲ್ಲಿನ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಕಳುಹಿಸಲು ಆದೇಶಿಸಿದರು. ಗಂಟು ಇರುವುದು ಇಲ್ಲಿಯೇ. ಅತಿಥಿಗೆ ಹುಲಿ ತೋರಿಸುವ ಕೈಗಳೇ ಊರನ್ನು ಹುಲಿಯಿಂದ ಕಾಯಬೇಕು. ಎರಡಕ್ಕೂ ಸಾಲುವಷ್ಟು ಜನರಿಲ್ಲ.

ಸಫಾರಿ ವಾಹನಗಳ ಗದ್ದಲದಿಂದಲೇ ಹುಲಿ ಊರಿಗೆ ಬರುತ್ತದೆಂದು ರೈತರ ವಾದ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಸಫಾರಿ ನಡೆಯುವುದು ಕಾಡಿನ ಚಿಕ್ಕ ಪಾಲಿನಲ್ಲಿ. 2012ರಲ್ಲಿ ಸುಪ್ರೀಂ ಕೋರ್ಟು ಹುಲಿಧಾಮಗಳ ಒಳಭಾಗದ ಪ್ರವಾಸವನ್ನು ಕೆಲಕಾಲ ತಡೆದು ಬಳಿಕ ಬಿಟ್ಟಾಗ, ಒಳಗಾಡಿನ ಶೇಕಡ 20ನ್ನು ಮೀರಬಾರದೆಂಬ ನಿಯಮವೂ ಬಂದಿತು. ಲಂಟಾನ ಹಬ್ಬಿ ಹುಲ್ಲು ನಾಶವಾದದ್ದು, ಬಲಿಷ್ಠ ಹುಲಿಗಳು ಮುದಿ ಹುಲಿಗಳನ್ನು ಅಂಚಿಗೆ ಅಟ್ಟುವುದು, ಇವೂ ಕಾರಣಗಳಲ್ಲವೆ? ಆದರೂ ರೈತರ ಸಿಟ್ಟು ನ್ಯಾಯವಾದದ್ದು. ತನ್ನ ಹೊಲದ ಪಕ್ಕದಲ್ಲಿ ಹುಲಿ ನೋಡಲು ಸಾವಿರಾರು ರೂಪಾಯಿ ತೆರುವವರು ಹಾದುಹೋಗುತ್ತಾರೆ. ಅದೇ ಹುಲಿಗೆ ಇವನು ದನವನ್ನು ತೆರುತ್ತಾನೆ.

ಕಷ್ಟವೆಂದರೆ, ಸಫಾರಿ ನಿಂತಾಗ ಕೂಲಿ ಕಳೆದುಕೊಳ್ಳುವವರೂ ಇದೇ ಊರುಗಳವರು. ಅಣ್ಣ ದನ ಮೇಯಿಸುವವನು, ತಮ್ಮ ವಸತಿಗೃಹದಲ್ಲಿ ಅಡಿಗೆಯವನು. ಒಬ್ಬನ ಬೇಡಿಕೆ ಈಡೇರಿದ ದಿನ ಇನ್ನೊಬ್ಬನು ಬರಿಗೈಲಿ ಮನೆಗೆ ಬರುತ್ತಾನೆ. ನಮ್ಮ ತರಗತಿಯಲ್ಲಿ ಎರಡು ಬಗೆಯ ಮನೆಗಳವರೂ ಇದ್ದೇವೆ. ಮನೆಗೆ ಮೊದಲ ಪದವೀಧರರಾಗಲಿರುವ ನಮ್ಮಂಥವರ ಶುಲ್ಕ ಬರುವುದು ಇವೆರಡರಲ್ಲೊಂದು ದುಡಿಮೆಯಿಂದ.

ನನ್ನದೊಂದು ಸಣ್ಣ ಸಲಹೆಯಿದೆ. ಸಫಾರಿ ಟಿಕೆಟ್ಟಿನ ಹಣದಲ್ಲಿ ಎಷ್ಟು ಪಾಲು ಕಾಡಂಚಿನ ಬೇಲಿಗೆ, ಸತ್ತ ದನದ ಪರಿಹಾರಕ್ಕೆ, ರಾತ್ರಿ ಕಾವಲಿಗೆ ಹೋಯಿತೆಂಬ ಲೆಕ್ಕವನ್ನು ಟಿಕೆಟ್ಟಿನ ಬೆನ್ನಿನ ಮೇಲೆಯೇ ಕನ್ನಡದಲ್ಲಿ ಅಚ್ಚು ಹಾಕಿಸಲಿ. ಪಂಚಾಯಿತಿ ಕಚೇರಿಯ ಗೋಡೆಗೂ ಅದೊಂದು ಪ್ರತಿಯನ್ನು ಅಂಟಿಸಲಿ.